ಪೂರ್ವಜ್ಞಾನ ಎಂಬ ಒಂದು ಸಾಲು

ಬೇಸಿಗೆ ರಜೆ ಮುಗಿಸಿ ಎರಡನೇ ವರ್ಷಕ್ಕೆ ಮರಳುವ ಬಿ.ಇಡಿ. ಪ್ರಶಿಕ್ಷಣಾರ್ಥಿಗಳು ಕಾಲೇಜಿನ ಗೇಟು ದಾಟುತ್ತಲೇ ಒಬ್ಬರನ್ನೊಬ್ಬರು ಕೇಳುವುದು ಮೂರೇ ಪ್ರಶ್ನೆ. ಇಂಟರ್ನ್‌ಶಿಪ್‌ಗೆ ಯಾವ ಶಾಲೆ ಸಿಕ್ಕಿದೆ? ಮೇಲ್ವಿಚಾರಕರು ಯಾರು? ಒಟ್ಟು ಎಷ್ಟು ಪಾಠಯೋಜನೆ ಬರೆಯಬೇಕು? 2025ರ ಜೂನ್‌ನಲ್ಲಿ ನಾವೂ ಇದನ್ನೇ ಕೇಳಿಕೊಂಡೆವು. ಕೇಳದೆ ಇರುವುದಾದರೂ ಹೇಗೆ? 2014ರ ಎನ್‌ಸಿಟಿಇ ನಿಯಮಾವಳಿಯಂತೆ ಎರಡು ವರ್ಷದ ಬಿ.ಇಡಿ.ಯಲ್ಲಿ ಕನಿಷ್ಠ 20 ವಾರ ನಾವು ಶಾಲೆಯೊಂದಿಗೆ ಇರಬೇಕು. ಅದರಲ್ಲಿ 4 ವಾರ ಮೊದಲ ವರ್ಷಕ್ಕೆ, 16 ವಾರ ಎರಡನೇ ವರ್ಷಕ್ಕೆ. ಎರಡನೇ ವರ್ಷ ಎಂದರೆ ಹೆಚ್ಚು ಕಡಿಮೆ ಶಾಲೆಯೇ.

ಈ ಸಲ ನನ್ನೊಳಗೆ ನಾಲ್ಕನೆಯ ಪ್ರಶ್ನೆಯೊಂದಿತ್ತು. ಅದು ಪಾಠಯೋಜನೆಯ ಹಾಳೆಯ ಒಂದು ಸಾಲಿಗೆ ಸಂಬಂಧಿಸಿದ್ದು. ಘಟಕ, ಉಪಘಟಕ, ತರಗತಿ, ಅವಧಿ, ಬೋಧನೋಪಕರಣಗಳು ಇವೆಲ್ಲ ಆದ ಮೇಲೆ ‘ಪೂರ್ವಜ್ಞಾನ’ ಎಂದು ಬರುತ್ತದೆ. ಅದರ ಮುಂದೆ ಒಂದು ಸಾಲಿನಷ್ಟು ಜಾಗ. ‘ವಿದ್ಯಾರ್ಥಿಗಳು ಭಿನ್ನರಾಶಿಗಳ ಸಂಕಲನವನ್ನು ತಿಳಿದಿದ್ದಾರೆ’, ‘ವಿದ್ಯಾರ್ಥಿಗಳಿಗೆ ಪೂರ್ಣಾಂಕಗಳ ಪರಿಚಯವಿದೆ’ ಎಂಬಂಥ ವಾಕ್ಯ ಅಲ್ಲಿ ಕೂರುತ್ತದೆ. ಹಿರಿಯರ ರೆಕಾರ್ಡ್ ಪುಸ್ತಕಗಳಲ್ಲೂ ಅದೇ, ಕೈಪಿಡಿಗಳಲ್ಲೂ ಅದೇ. ಹಾಳೆ ಕೊಡುವ ಜಾಗವೇ ಅಷ್ಟು. ಆ ಸಾಲಿನಲ್ಲಿರುವ ‘ತಿಳಿದಿದ್ದಾರೆ’ ಎಂಬ ಮಾತು ಯಾರ ಬಗ್ಗೆ, ಯಾರು ಕೇಳಿ ತಿಳಿದು ಬರೆದದ್ದು? ಇದೇ ನನ್ನ ನಾಲ್ಕನೆಯ ಪ್ರಶ್ನೆ. ಇದು ಹುಟ್ಟಿದ್ದು ಕಾಲೇಜಿನಲ್ಲಲ್ಲ, ರಜೆಯಲ್ಲಿ.

ನಮ್ಮೂರು ತಿಪಟೂರಿನ ಕಡೆ. ತೆಂಗು, ಕೊಬ್ಬರಿ, ಒಂದಿಷ್ಟು ರಾಗಿ. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು ಬಿ.ಇಡಿ. ಸೇರಿದವಳು ನಾನು. ನನಗೀಗ ಇಪ್ಪತ್ತೈದು. ರಜೆಗೆ ಊರಿಗೆ ಹೋದರೆ ಅಜ್ಜಿ, “ಇನ್ನೂ ಎಷ್ಟು ವರ್ಷ ಓದ್ತೀಯವ್ವ?” ಎಂದು ಕೇಳುತ್ತದೆ. ಬೈಗುಳವಲ್ಲ, ಲೆಕ್ಕ. ಬರುತ್ತಿದ್ದ ಸಂಬಳ ನಿಂತಿದೆ, ತಂಗಿಯ ಓದು ಇನ್ನೂ ಇದೆ, ಸರ್ಕಾರಿ ಶಾಲೆಯ ಹುದ್ದೆಗೆ ಟಿಇಟಿ, ಸಿಇಟಿ ಎಲ್ಲ ದಾಟಬೇಕು. ಹಳೆಯ ಕಂಪನಿಯಲ್ಲಿ ಜಾಗ ಖಾಲಿ ಇದೆ, ಬರುತ್ತೀಯಾ ಎಂದು ಜೊತೆಗೆ ಕೆಲಸ ಮಾಡಿದವರು ಏಪ್ರಿಲ್‌ನಲ್ಲಿ ಫೋನು ಮಾಡಿದ್ದರು. ಎರಡನೇ ವರ್ಷಕ್ಕೆ ಮರಳುವುದು ನನ್ನ ಪಾಲಿಗೆ ತಾನಾಗಿ ಆಗುವ ಸಂಗತಿಯಾಗಿರಲಿಲ್ಲ. ತೀರ್ಮಾನ ಮಾಡಬೇಕಿತ್ತು.

ಮೇ ಮೊದಲ ವಾರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶ ಬಂತು. ನಮ್ಮ ಬೀದಿಯ ಹುಡುಗನೊಬ್ಬ ಗಣಿತವೊಂದರಲ್ಲಿ ನಪಾಸಾಗಿದ್ದ. ಪರೀಕ್ಷೆ-2 ಅದೇ ತಿಂಗಳ ಕೊನೆಯಲ್ಲಿ. ಅವನ ಅಮ್ಮ ಬಂದು, “ನಿನ್ ಕೈಲಾದಷ್ಟು ಹೇಳ್ಕೊಡವ್ವ. ಇದೊಂದ್ ಸಲ ಆಗ್ಲಿಲ್ಲ ಅಂದ್ರೆ ಅವರಪ್ಪ ಬೆಂಗ್ಳೂರಲ್ಲಿ ಬೇಕರಿ ಕೆಲ್ಸಕ್ಕೆ ಬಿಟ್‌ಬಿಡ್ತಾರೆ” ಎಂದರು. ಮಾರನೆಯ ದಿನದಿಂದ ಹುಡುಗ ಬೆಳಿಗ್ಗೆ ಏಳಕ್ಕೆ ನಮ್ಮ ಜಗಲಿಗೆ ಬರತೊಡಗಿದ. ಮೂರು ವಾರ.

ಅವನಿಗೆ ಸೂತ್ರಗಳು ಬಾಯಿಪಾಠವಿದ್ದವು. ವರ್ಗ ಸಮೀಕರಣ ಬಿಡಿಸುವ ಸೂತ್ರವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಹಾಗೆ ಹೇಳಿದ. ಎಕ್ಸ್ ವರ್ಗ ಮೈನಸ್ ಐದು ಎಕ್ಸ್ ಪ್ಲಸ್ ಆರು ಸಮ ಸೊನ್ನೆ, ಇದನ್ನು ಬಿಡಿಸು ಎಂದೆ. ಸೂತ್ರ ಬರೆದ, ಬೆಲೆಗಳನ್ನು ಸರಿಯಾದ ಜಾಗದಲ್ಲೇ ಇಟ್ಟ. ಆಮೇಲೆ −5ರ ವರ್ಗ −25 ಎಂದು ಬರೆದ. ಅದರಿಂದ 24 ಕಳೆದ, −49 ಬಂತು. “ಅಕ್ಕ, ವರ್ಗಮೂಲದೊಳಗೆ ಮೈನಸ್ ಬಂದ್ರೆ ಉತ್ತರ ಇಲ್ಲ ಅಂತ ಬರೀಬೇಕು ಅಲ್ವಾ?” ಎಂದು ಕೇಳಿದ. ಶೋಧಕ ಋಣವಾದರೆ ವಾಸ್ತವ ಮೂಲಗಳಿಲ್ಲ ಎಂಬ ಹತ್ತನೇ ತರಗತಿಯ ಮಾತು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೈ ಕೊಟ್ಟದ್ದು ಏಳನೇ ತರಗತಿಯ ಮಾತು. ಆ ಲೆಕ್ಕದ ಶೋಧಕ 25ರಿಂದ 24 ಕಳೆದರೆ ಬರುವ 1, ಮೂಲಗಳು 2 ಮತ್ತು 3.

ಅವನ ವಯಸ್ಸಿನ ಮಕ್ಕಳ ಶಾಲಾ ವರ್ಷಗಳನ್ನು ಹಿಂದಕ್ಕೆ ಎಣಿಸುತ್ತಾ ಹೋದೆ. 2024-25ರಲ್ಲಿ ಹತ್ತನೇ ತರಗತಿ ಅಂದರೆ 2020-21ರಲ್ಲಿ ಆರು, 2021-22ರಲ್ಲಿ ಏಳು. ಋಣ ಸಂಖ್ಯೆಗಳು ಪಠ್ಯದಲ್ಲಿ ಮೊದಲು ಬರುವುದು ಆರನೇ ತರಗತಿಯಲ್ಲಿ. ಕೊರೊನಾ ಕಾರಣಕ್ಕೆ ಆ ವರ್ಷದ ಬಹುಪಾಲು ಶಾಲೆ ಮುಚ್ಚಿತ್ತು. ಋಣ ಸಂಖ್ಯೆಗಳ ಗುಣಾಕಾರ ಇರುವುದು ಏಳನೇ ತರಗತಿಯ ಗಣಿತದ ಮೊದಲ ಅಧ್ಯಾಯದಲ್ಲಿ. ಆ ವರ್ಷ 6ರಿಂದ 8ನೇ ತರಗತಿಯ ಬಾಗಿಲು ತೆರೆದದ್ದೇ ಸೆಪ್ಟೆಂಬರ್‌ನಲ್ಲಿ. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು. ಆದರೆ ಅವರ ಮನೆಯಲ್ಲಿ ಟಿ.ವಿ. ಕೆಟ್ಟು ಕೂತಿತ್ತು ಎಂದು ಹುಡುಗ ಹೇಳಿದ. ಎಂಟು, ಒಂಬತ್ತು, ಹತ್ತು ಮೂರೂ ವರ್ಷ ಅವನ ಮುಂದೆ ಬಂದ ಪ್ರತಿ ಪಾಠವೂ ‘ವಿದ್ಯಾರ್ಥಿಗಳಿಗೆ ಪೂರ್ಣಾಂಕಗಳ ಪರಿಚಯವಿದೆ’ ಎಂಬ ನೆಲದ ಮೇಲೆಯೇ ಕಟ್ಟಿದ್ದು. ಅವನ ಕಾಲ ಕೆಳಗೆ ಆ ನೆಲ ಇರಲಿಲ್ಲ. ಇದರಲ್ಲಿ ಅವನದೂ ತಪ್ಪಿಲ್ಲ, ಅವನಿಗೆ ಕಲಿಸಿದವರದೂ ತಪ್ಪಿಲ್ಲ. ಆ ಪ್ರಶ್ನೆ ಕೇಳುವ ಸಂದರ್ಭ ಯಾರಿಗೂ ಒದಗಲಿಲ್ಲ ಅಷ್ಟೆ.

ಹಾಗಾಗಿ ಹತ್ತನೇ ತರಗತಿಯ ಪುಸ್ತಕ ಮುಚ್ಚಿಟ್ಟು ಸಾಲದ ಲೆಕ್ಕಕ್ಕೆ ಬಂದೆವು. ಅಂಗಡಿಯ ಬರಿಪುಸ್ತಕದಲ್ಲಿ ಐದು ರೂಪಾಯಿ ಸಾಲ ಎಂದರೆ −5. ಅಂಥ ಎರಡು ಚೀಟಿ ಸೇರಿದರೆ −10. ಇಲ್ಲಿಯವರೆಗೆ ಅವನಿಗೆ ಕಷ್ಟವಾಗಲಿಲ್ಲ. “ಐದು ರೂಪಾಯಿ ಸಾಲದ ಐದು ಚೀಟಿಯನ್ನ ಅಂಗಡಿಯವರೇ ಹರಿದು ಹಾಕಿದ್ರೆ?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಪ್ಪತ್ತೈದು ರೂಪಾಯಿ ಉಳೀತು ಅಂತಾನೇ ಲೆಕ್ಕ” ಎಂದ. ಋಣವನ್ನು ಐದು ಸಲ ತೆಗೆದು ಹಾಕುವುದೇ −5ನ್ನು −5ರಿಂದ ಗುಣಿಸುವುದು ಎಂದು ಅಲ್ಲಿಂದ ಹೋದೆವು. ಅನುಮಾನ ಉಳಿಯಬಾರದೆಂದು ಕೋಷ್ಟಕವನ್ನೂ ಬರೆಸಿದೆ. −5ನ್ನು 2ರಿಂದ ಗುಣಿಸಿದರೆ −10, 1ರಿಂದ −5, ಸೊನ್ನೆಯಿಂದ 0. ಪ್ರತಿ ಹೆಜ್ಜೆಗೂ ಐದೈದು ಏರುತ್ತಿದೆ. ಮುಂದಿನ ಹೆಜ್ಜೆ −1. ಹಾಗಾದರೆ ಉತ್ತರ 5 ಆಗಲೇಬೇಕು. ಇಷ್ಟಕ್ಕೆ ಹಿಡಿದದ್ದು ಮೂರು ಬೆಳಗು. ನಾಲ್ಕನೆಯ ಬೆಳಗು ಅದೇ ವರ್ಗ ಸಮೀಕರಣವನ್ನು ತಾನೇ ತೆಗೆದುಕೊಂಡು ಬಿಡಿಸಿದ.

ಇದನ್ನು ಗೆಲುವಿನ ಕಥೆಯಾಗಿ ಹೇಳಲು ನನಗೆ ಬರುವುದಿಲ್ಲ. ಮೂರು ವಾರದಲ್ಲಿ ಮೂರು ವರ್ಷ ತುಂಬುವುದಿಲ್ಲ. ಪರೀಕ್ಷೆ-2ರಲ್ಲಿ ಅವನಿಗೆ ಕೆಲವೇ ಅಂಕ ಕಡಿಮೆಯಾದವು. ಫಲಿತಾಂಶ ಬಂದ ವಾರವೇ ನಾನು ಕಾಲೇಜಿಗೆ ಹೊರಡಬೇಕಿತ್ತು. ಪರೀಕ್ಷೆ-3 ಜುಲೈನಲ್ಲಿ. “ನೀವು ಹೋದ್ಮೇಲೆ ಯಾರ್ ಹೇಳ್ಕೊಡ್ತಾರಕ್ಕ?” ಎಂದ ಹುಡುಗನಿಗೆ ಕೊಡಲು ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಸಂಜೆ ಅವನು ಲೆಕ್ಕದ ಫೋಟೋ ಕಳಿಸುವುದು, ರಾತ್ರಿ ನಾನು ಹಾಸ್ಟೆಲ್‌ನಿಂದ ಫೋನು ಮಾಡುವುದು ಎಂದು ಒಪ್ಪಂದವಾಯಿತು. ಬೇಕರಿ ಕೆಲಸವನ್ನು ಜುಲೈವರೆಗೆ ಮುಂದೆ ಹಾಕಲು ಅವನಪ್ಪ ಒಪ್ಪಿದರು. ನಾನು ಹಳೆಯ ಕಂಪನಿಗೆ ಬರುವುದಿಲ್ಲ ಎಂದು ತಿಳಿಸಿದೆ. ಮರಳಲು ನನಗೆ ದೊಡ್ಡ ಕಾರಣಗಳೇನೂ ಇರಲಿಲ್ಲ. ಒಬ್ಬ ಹುಡುಗನ ವಿಷಯದಲ್ಲಿ ಜಗಲಿಯ ಮೇಲೆ ಮೂರು ವಾರ ಹಿಡಿದದ್ದನ್ನು ನಲವತ್ತು ಮಕ್ಕಳ ತರಗತಿಯಲ್ಲಿ ಹೇಗೆ ಮಾಡುವುದು ಎಂಬುದನ್ನು ಕಲಿಯಬೇಕಿತ್ತು. ಅದನ್ನು ಕಲಿಸುವ ಜಾಗ ನನಗೆ ಗೊತ್ತಿರುವುದು ಇದೊಂದೇ.

ಕಾಲೇಜಿನ ಮೊದಲ ವಾರ ಗಣಿತ ಬೋಧನಾಶಾಸ್ತ್ರದ ಮೇಡಂ ಮೂರನೇ ಸೆಮಿಸ್ಟರ್‌ನ ಪಾಠಕ್ಕೆ ಕೈ ಹಾಕಲಿಲ್ಲ. ಬಿಳಿ ಹಾಳೆ ಕೊಟ್ಟು, ರೆಕಾರ್ಡ್ ತೆರೆಯದೆ ಕಳೆದ ವರ್ಷದ್ದು ನೆನಪಿರುವಷ್ಟು ಬರೆಯಿರಿ, ಅಂಕ ಇಲ್ಲ, ಹೆಸರೂ ಬೇಡ ಎಂದರು. “ಮಕ್ಕಳಿಗೆ ಜೂನ್‌ನಲ್ಲಿ ಸೇತುಬಂಧ ಮಾಡ್ತೀವಿ. ನಿಮಗೆ ಯಾಕೆ ಬೇಡ?” ಎಂಬುದು ಅವರ ಮಾತು. ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಪಟ್ಟಿಗಳು, ವ್ಯಾಖ್ಯೆಗಳು ಬಹುಪಾಲು ಹೋಗಿದ್ದವು. ಸೂಕ್ಷ್ಮ ಬೋಧನೆಯ 36 ನಿಮಿಷದ ಚಕ್ರ ಮಾತ್ರ ಎಲ್ಲರಿಗೂ ನೆನಪಿತ್ತು: 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಬೋಧನೆ, 6 ನಿಮಿಷ ಮತ್ತೆ ಹಿಮ್ಮಾಹಿತಿ. ಕಾರಣ, ಅದನ್ನು ನಾವು ಓದಿದ್ದಕ್ಕಿಂತ ಹೆಚ್ಚು ಮಾಡಿದ್ದೆವು.

ಮರೆವಿನ ಬಗ್ಗೆ ಮೊದಲು ಅಳತೆ ಮಾಡಿ ಬರೆದ ಹರ್ಮನ್ ಎಬ್ಬಿಂಗ್‌ಹೌಸ್ ಅವರ ಪುಸ್ತಕ ಪ್ರಕಟವಾದದ್ದು 1885ರಲ್ಲಿ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಕಲಿತು, ತಾವೇ ಮರೆತು, ಮತ್ತೆ ಕಲಿಯಲು ಎಷ್ಟು ಹೊತ್ತು ಬೇಕೆಂದು ಅವರು ಎಣಿಸಿದರು. ಮರೆವಿನ ವಕ್ರರೇಖೆಯನ್ನು ನಾವೆಲ್ಲ ಪರೀಕ್ಷೆಗೆ ಬಿಡಿಸುತ್ತೇವೆ. ಅದರ ಇನ್ನೊಂದು ಮುಖದ ಮೇಲೆ ಗಮನ ಕಡಿಮೆ. ಪೂರ್ತಿ ಮರೆತಂತೆ ಕಂಡದ್ದನ್ನೂ ಎರಡನೆಯ ಸಲ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕು. ಅದನ್ನು ಅವರು ಉಳಿತಾಯ ಎಂದರು. ನಮ್ಮ ತರಗತಿಯಲ್ಲಿ ಆದದ್ದೂ ಅದೇ. ಹಾಳೆಯಲ್ಲಿ ಖಾಲಿ ಬಿಟ್ಟ ಎಷ್ಟೋ ಸಂಗತಿಗಳು ಎರಡು ದಿನದ ಮಾತುಕತೆಯಲ್ಲಿ ಹಿಂದಿರುಗಿದವು. ಜಗಲಿಯ ಹುಡುಗನ ಕಷ್ಟ ಬೇರೆ ಬಗೆಯದು. ಅವನು ಮರೆತಿರಲಿಲ್ಲ, ಅವನಿಗೆ ಅದು ಸಿಕ್ಕೇ ಇರಲಿಲ್ಲ. ಮರೆತವರಿಗೆ ನೆನಪಿಸಿದರೆ ಸಾಕು, ಸಿಗದವರಿಗೆ ಕಲಿಸಬೇಕು. ಖಾಲಿ ಉತ್ತರಪತ್ರಿಕೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಶಿಕ್ಷಕರು ಬೇರೆ ಮಾಡಿ ನೋಡಲೇಬೇಕು.

ಎರಡನೆಯ ವಾರ ನಾವು ಇಂಟರ್ನ್‌ಶಿಪ್ ಶಾಲೆಗೆ ಪರಿಚಯಕ್ಕೆಂದು ಹೋದೆವು. ಅಲ್ಲಿ ಎಂಟನೇ ತರಗತಿಗೆ ಸೇತುಬಂಧ ನಡೆದಿತ್ತು. ಕಿರಿಯ ಓದುಗರಿಗಾಗಿ ಹೇಳುವುದಾದರೆ, ಶಾಲೆ ಆರಂಭವಾದ ಕೂಡಲೇ ಹಿಂದಿನ ತರಗತಿಗಳ ಬುನಾದಿ ಸಾಮರ್ಥ್ಯ, ನಿಕಟಪೂರ್ವ ಸಾಮರ್ಥ್ಯಗಳ ಮೇಲೆ ಪೂರ್ವ ಪರೀಕ್ಷೆ ಮಾಡಿ, ಕೊರತೆಗೆ ತಕ್ಕಂತೆ ಕಲಿಸಿ, ಕೊನೆಗೆ ಸಾಫಲ್ಯ ಪರೀಕ್ಷೆ ಮಾಡುವ ಕ್ರಮ ಇದು. ಎಂಟನೇ ತರಗತಿಗೆ ಇದು ಇನ್ನೂ ಮುಖ್ಯ. ಸುತ್ತಲಿನ ಹಲವು ಊರುಗಳ ಹಿರಿಯ ಪ್ರಾಥಮಿಕ ಶಾಲೆಗಳಿಂದ ಬಂದ ಮಕ್ಕಳು ಮೊದಲ ಸಲ ಒಂದೇ ಕೊಠಡಿಯಲ್ಲಿ ಕೂರುವುದು ಆಗಲೇ. ಗಣಿತದ ಶಿಕ್ಷಕರು ಪೂರ್ವ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ನಮ್ಮ ಕೈಗಿಟ್ಟು, “ಅಂಕ ಹಾಕೋದು ಆಮೇಲೆ. ಮೊದಲು ತಪ್ಪುಗಳನ್ನ ಬೇರೆ ಬೇರೆ ಕಟ್ಟು ಮಾಡಿ” ಎಂದರು.

ಒಂದೇ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ನಾಲ್ಕನೇ ಮೂರಕ್ಕೆ ಎರಡನೇ ಒಂದನ್ನು ಕೂಡಿಸಬೇಕು. ಕೆಲವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 4/6 ಎಂದಿದ್ದರು. ಕೆಲವರು ಲ.ಸಾ.ಅ. 4 ಎಂದು ಸರಿಯಾಗಿ ತೆಗೆದು, ಅಂಶವನ್ನು ಬದಲಿಸದೆ 4/4 ಎಂದಿದ್ದರು. ಇನ್ನು ಕೆಲವರು ಏನೂ ಬರೆದಿರಲಿಲ್ಲ. ಅಂಕ ಹಾಕಿದರೆ ಮೂವರಿಗೂ ಸೊನ್ನೆ. ಆದರೆ ಮೊದಲನೆಯವರಿಗೆ ಭಿನ್ನರಾಶಿ ಎಂದರೆ ಮೇಲೊಂದು ಕೆಳಗೊಂದು ಇರುವ ಎರಡು ಸಂಖ್ಯೆ. ಅವರೊಂದಿಗೆ ಹಾಳೆ ಮಡಚಿ ಆರಂಭಿಸಬೇಕು. ಎರಡನೆಯವರಿಗೆ ಬೇಕಾದದ್ದು ಸಮಾನ ಭಿನ್ನರಾಶಿಯ ಒಂದೇ ಹೆಜ್ಜೆ, ಅರ್ಧ ಎಂದರೆ ಎರಡು ಕಾಲು ಎಂಬುದು. ಮೂರನೆಯವರಿಗೆ ಏನು ಬೇಕೆಂದು ಹಾಳೆ ಹೇಳುವುದಿಲ್ಲ.

ಖಾಲಿ ಬಿಟ್ಟಿದ್ದ ಒಬ್ಬ ಹುಡುಗಿಯನ್ನು ಊಟದ ಹೊತ್ತಿನಲ್ಲಿ ಮಾತಾಡಿಸಿದೆ. ಮನೆಯಲ್ಲಿ ಎರಡು ಹಸು, ದಿನಾ ಡೇರಿಗೆ ಹಾಲು ಹಾಕುವವರು. “ಮುಕ್ಕಾಲು ಲೀಟರ್ ಹಾಲಿಗೆ ಇನ್ನರ್ಧ ಲೀಟರ್ ಸೇರಿಸಿದ್ರೆ ಎಷ್ಟಾಗುತ್ತೆ?” ಎಂದೆ. “ಒಂದೂಕಾಲು” ಎಂದಳು, ಇದೂ ಒಂದು ಪ್ರಶ್ನೆಯೇ ಎಂಬಂತೆ. “ಪರೀಕ್ಷೆಲಿ ಕೇಳಿದ್ದೂ ಅದೇ ಅಲ್ವಾ?” ಎಂದಾಗ ನನ್ನ ಮುಖ ನೋಡಿ, “ಅದು ಲೆಕ್ಕ ಮಿಸ್, ಇದು ಹಾಲು” ಎಂದಳು.

ಪಾಠಯೋಜನೆಯ ಆ ಒಂದು ಸಾಲನ್ನು ಕುರಿತು ನನಗೆ ಹೇಳಬೇಕಾದದ್ದು ಈ ಇಬ್ಬರ ನಡುವೆ ಇದೆ. ಹುಡುಗನ ವಿಷಯದಲ್ಲಿ ಹಾಳೆ ಹೇಳಿದ್ದಕ್ಕಿಂತ ಅವನಿಗೆ ಗೊತ್ತಿದ್ದದ್ದು ಕಡಿಮೆ. ಹುಡುಗಿಯ ವಿಷಯದಲ್ಲಿ ಹಾಳೆ ಹೇಳಿದ್ದಕ್ಕಿಂತ ಅವಳಿಗೆ ಗೊತ್ತಿದ್ದದ್ದು ಹೆಚ್ಚು. ಮುಕ್ಕಾಲು, ಒಂದೂವರೆ, ಎರಡೂಕಾಲು ಎಂದು ಭಿನ್ನರಾಶಿಯನ್ನೇ ಹೆಸರಾಗಿ ಇಟ್ಟುಕೊಂಡ ಭಾಷೆಯಲ್ಲಿ ಬೆಳೆದ ಮಗುವಿಗೆ ನಾವು ಭಿನ್ನರಾಶಿಯನ್ನು ಹೊಸದೆಂಬಂತೆ ಪರಿಚಯಿಸುತ್ತಿದ್ದೇವೆ. ಡೇವಿಡ್ ಆಸುಬೆಲ್ 1968ರ ತಮ್ಮ ಶೈಕ್ಷಣಿಕ ಮನೋವಿಜ್ಞಾನದ ಪುಸ್ತಕದಲ್ಲಿ, ಕಲಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರುವುದು ಕಲಿಯುವವರಿಗೆ ಈಗಾಗಲೇ ಏನು ಗೊತ್ತಿದೆ ಎಂಬುದು, ಅದನ್ನು ಕಂಡುಕೊಂಡು ಅದಕ್ಕೆ ತಕ್ಕಂತೆ ಕಲಿಸಬೇಕು ಎಂಬ ಅರ್ಥದ ಮಾತು ಹೇಳಿದ್ದಾರೆ. ನಾವು ಅವರನ್ನು ಮೊದಲ ಸೆಮಿಸ್ಟರ್‌ನಲ್ಲೇ ಓದುತ್ತೇವೆ. ಆ ಮಾತಿನಲ್ಲಿ ನನ್ನನ್ನು ಈಗ ಹಿಡಿದಿರುವುದು ‘ಕಂಡುಕೊಳ್ಳುವುದು’ ಎಂಬ ಕ್ರಿಯಾಪದ. ಪೂರ್ವಜ್ಞಾನ ಊಹಿಸಿ ತುಂಬುವ ಜಾಗವಲ್ಲ, ವಿಚಾರಿಸಿ ತುಂಬುವ ಜಾಗ.

ಇದಕ್ಕೆ ಆಕ್ಷೇಪಣೆ ಇದೆ, ಅದು ಸಣ್ಣದೇನಲ್ಲ. ನಮ್ಮ ಗುಂಪಿನ ಚರ್ಚೆಯಲ್ಲಿ ಸಹಪಾಠಿಯೊಬ್ಬರು ಹೇಳಿದರು: “ನಲವತ್ತು ನಿಮಿಷದ ಪೀರಿಯಡ್. ಹಾಜರಿಗೇ ಐದು ನಿಮಿಷ. ನಲವತ್ತು ಮಕ್ಕಳನ್ನ ಒಬ್ಬೊಬ್ಬರಾಗಿ ಹಾಲಿನ ಲೆಕ್ಕ ಕೇಳ್ತಾ ಕೂತರೆ ಪಾಠ ಮುಗಿಯೋದು ಯಾವಾಗ? ಸೇತುಬಂಧ ಹೇಗೂ ಇದೆಯಲ್ಲ.” ನಿಜ. ಆದರೆ ಸೇತುಬಂಧ ವರ್ಷದ ಆರಂಭಕ್ಕೆ ಒಮ್ಮೆ. ಘಟಕಗಳು ವರ್ಷವಿಡೀ ಬರುತ್ತವೆ, ಪ್ರತಿಯೊಂದಕ್ಕೂ ಅದರದೇ ನೆಲ ಬೇಕು. ನಲವತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳುವ ಅಗತ್ಯವೂ ಇಲ್ಲ. ಆ ಶಿಕ್ಷಕರು ತೋರಿಸಿದ ಹಾಗೆ, ನಲವತ್ತು ಹಾಳೆ ಸಾಮಾನ್ಯವಾಗಿ ಮೂರು ನಾಲ್ಕು ಕಟ್ಟುಗಳಾಗಿ ಬೀಳುತ್ತವೆ. ನಲವತ್ತು ಬಗೆಯ ಪಾಠ ಯಾರಿಂದಲೂ ಆಗದು. ಮೂರು ಬಗೆಯ ಆರಂಭ ಆಗುತ್ತದೆ.

ಹಾಗಾಗಿ 16 ವಾರಗಳಿಗೆ ನಾನು ಒಂದು ಕ್ರಮ ಹಾಕಿಕೊಂಡಿದ್ದೇನೆ. ಪ್ರತಿ ಘಟಕಕ್ಕೆ ಮುಂಚೆ ಮೂರು ಪ್ರಶ್ನೆ: ಒಂದು ಹಿಂದಿನ ತರಗತಿಯದು, ಒಂದು ಅದಕ್ಕೂ ಎರಡು ತರಗತಿ ಹಿಂದಿನದು, ಇನ್ನೊಂದು ಮನೆ, ಅಂಗಡಿ, ಹೊಲದ ಮಾತಿನಲ್ಲಿ ಬಾಯಲ್ಲೇ ಕೇಳುವಂಥದು. ಹತ್ತು ನಿಮಿಷ, ಅರ್ಧ ಹಾಳೆ, ಅಂಕ ಇಲ್ಲ. ಸಂಜೆ ಅವನ್ನು ಸರಿ ತಪ್ಪು ಎಂದು ಎಣಿಸದೆ ತಪ್ಪಿನ ಬಗೆಯಂತೆ ಕಟ್ಟು ಮಾಡುವುದು. ಖಾಲಿ ಹಾಳೆ ಕೊಟ್ಟವರಲ್ಲಿ ದಿನಕ್ಕೆ ಇಬ್ಬರನ್ನು ಮಾತಾಡಿಸುವುದು. ಪಾಠಯೋಜನೆಯ ‘ಪೂರ್ವಜ್ಞಾನ’ವನ್ನು ಎಲ್ಲಕ್ಕಿಂತ ಕೊನೆಗೆ, ಈ ಕಟ್ಟುಗಳನ್ನು ನೋಡಿದ ಮೇಲೆ ಬರೆಯುವುದು. ಒಂದು ಸಾಲು ಸಾಲದಿದ್ದರೆ ಹಾಳೆ ಅಂಟಿಸುವುದು.

ನಮ್ಮ ಪ್ರಾಧ್ಯಾಪಕರಲ್ಲಿ ಒಂದು ವಿನಂತಿಯೂ ಇದೆ. ಪಾಠ ವೀಕ್ಷಣೆಗೆ ಬಂದಾಗ ನೀವು ಕಪ್ಪುಹಲಗೆಯ ಬರಹ ನೋಡುತ್ತೀರಿ, ಪ್ರಶ್ನೆ ಕೇಳುವ ಕೌಶಲ ನೋಡುತ್ತೀರಿ, ಸಮಯಪಾಲನೆ ನೋಡುತ್ತೀರಿ. ಜೊತೆಗೆ ‘ಪೂರ್ವಜ್ಞಾನದ ಈ ಸಾಲು ನಿನಗೆ ಹೇಗೆ ಗೊತ್ತಾಯಿತು?’ ಎಂದು ಒಮ್ಮೆ ಕೇಳಿ. ನೀವು ಕೇಳುತ್ತೀರಿ ಎಂದು ಗೊತ್ತಿದ್ದರೆ ನಾವು ಮಕ್ಕಳನ್ನು ಕೇಳಿಕೊಂಡೇ ಬರುತ್ತೇವೆ.

ಇದನ್ನು ಬರೆಯುವ ಹೊತ್ತಿಗೆ ಪರೀಕ್ಷೆ-3 ಮುಗಿದಿದೆ, ಫಲಿತಾಂಶ ಬಂದಿಲ್ಲ. ಋಣ ಸಂಖ್ಯೆ ಬಂದ ಲೆಕ್ಕಗಳನ್ನೆಲ್ಲ ಬಿಟ್ಟಿಲ್ಲ, ಮಾಡಿದ್ದೇನೆ ಎಂದು ಹುಡುಗ ಫೋನಿನಲ್ಲಿ ಹೇಳಿದ. ಉಳಿದದ್ದು ಅಂಕಪಟ್ಟಿ ಹೇಳಬೇಕು. ಮುಂದಿನ ಸೋಮವಾರದಿಂದ ನಮಗೆ ಎಂಟನೇ ತರಗತಿ. ನನ್ನ ಪಾಲಿಗೆ ಬಂದಿರುವುದು ಭಾಗಲಬ್ಧ ಸಂಖ್ಯೆಗಳು. ಮೂರು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ಮೂರನೆಯದು ಹಾಲಿನದು.